ನಮ್ಮ ಮನೆಯಿಂದಲ್ಲ

ತಮ್ಮನನ್ನು ತನ್ನ ಹತ್ತಿರ ಕರೆಸಿಕೊಂಡರೆ ಅವನು ಮನುಷ್ಯನಾಗುತ್ತಾನೆ ಎಂದು ಅಕ್ಕ ನಂಬಿದ್ದಳು. ಊರಲ್ಲಿದ್ದ ತಾಯಿಯಂತೂ ದೇವರಿಗಿಂತ ಹೆಚ್ಚಾಗಿ ಇದನ್ನೇ ನಂಬಿದ್ದಳು. "ಜಾಗ ಬದಲಾದ್ರೆ ಗ್ರಹಚಾರಾನೂ ಬದಲಾಗುತ್ತೆ ಕಣೇ. ಇಲ್ಲೇ ಬಿಟ್ರೆ ಒಂದಿನ ಇವನು ಯಾರದ್ದಾದ್ರೂ ಕೈಕಾಲು ಮುರೀತಾನೆ, ಇಲ್ಲಾ ಯಾರಾದ್ರೂ ಇವನದ್ದು ಮುರೀತಾರೆ" ಎಂದು ಫೋನಿನಲ್ಲಿ ಗೋಳಾಡಿದ್ದಳು. ಬೀದಿದೀಪಕ್ಕೆ ಕಲ್ಲು ಹೊಡೆದದ್ದು, ಅಂಗಡಿಯವನ ಸೈಕಲ್ಲನ್ನು ಚರಂಡಿಗೆ ಎಸೆದದ್ದು, ಮೋರಿಕಟ್ಟೆಯ ಮೇಲೆ ಕೂತು ಹೋಗಿಬರುವ ಹೆಂಗಸರನ್ನು ರೇಗಿಸಿದ್ದು, ಇವೆಲ್ಲ ಅಕ್ಕನಿಗೂ ಗೊತ್ತಿತ್ತು. ಆದರೂ ಎತ್ತಿ ಆಡಿಸಿದ ಕೈ. ತಾಯಿ ದುಡಿಯಲು ಹೋಗುತ್ತಿದ್ದಾಗ ಅವನಿಗೆ ತುತ್ತಿಟ್ಟವಳು, ಮೂಗು ಒರೆಸಿದವಳು ಇವಳೇ. ಅವಳು ಗಂಡನ ಜೊತೆ ದೇಶ ಬಿಟ್ಟು ಹೊರಟ ದಿನ ಆ ಹುಡುಗ ಅವಳ ಒಂದು ಚಪ್ಪಲಿಯನ್ನು ಬಚ್ಚಿಟ್ಟಿದ್ದ. ಅವಳು ತಾಯಿಯ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಅವನು ಕೆಟ್ಟದ್ದು ಅಂದಿನಿಂದಲೇ ಎಂಬ ಲೆಕ್ಕ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

"ಬರಲಿ, ಬೇಡ ಅನ್ನಲ್ಲ" ಎಂದಿದ್ದ ಗಂಡ. ಬ್ರೆಡ್ ಕಾರ್ಖಾನೆಯಲ್ಲಿ ಒಲೆ ನೋಡಿಕೊಳ್ಳುವ ಕೆಲಸ ಅವನದು. ಮಾತು ಕಡಿಮೆ. "ಆದ್ರೆ ಇವಳೇ, ಅವನು ಬರೋವಾಗ ಅವನ ಬುದ್ಧೀನ ಅಲ್ಲೇ ಬಿಟ್ಟು ಬರ್ತಾನಾ? ಅದಕ್ಕೇನೂ ಬೇರೆ ಟಿಕೇಟು ಬೇಕಿಲ್ವಲ್ಲ."

ಅತ್ತೆಯ ಮಾತು ಇನ್ನೂ ಖಾರ. "ಹಾಗಲಕಾಯಿನ ಬೆಳ್ಳಿ ತಟ್ಟೇಲಿಟ್ರೆ ಸಿಹಿಯಾಗುತ್ತೇನು?"

ಅಂತೂ ಅವನು ಬಂದ. ಬಾಗಿಲ ಪಟ್ಟಿಗೆ ತಲೆ ತಾಗುವಷ್ಟು ಎತ್ತರದ ಆ ಗಂಡಸನ್ನು ಅಕ್ಕ ಈಗಲೂ ಕರೆಯುವುದು ಮರಿ ಎಂದೇ. "ಮರಿಯಂತೆ! ಯಾವುದರ ಮರಿ ಅಂತ ಮಾತ್ರ ಯಾರೂ ಬಾಯಿ ಬಿಡಲ್ಲ" ಎಂದು ಅತ್ತೆ ಗೊಣಗಿದಳು. ಆದರೂ ಮೊದಲ ದಿನ ಅವನ ತಟ್ಟೆಗೆ ಎರಡು ಮೊಟ್ಟೆ ಹೆಚ್ಚಿಗೆ ಹಾಕಿದವಳು ಅವಳೇ.

ಮೊದಲ ತಿಂಗಳು ಕಾರು ತೊಳೆಯುವ ಕೆಲಸಕ್ಕೆ ಹೋದ. ಮೇಲ್ವಿಚಾರಕನ ಮೇಲೆ ನೀರಿನ ಪೈಪು ತಿರುಗಿಸಿ ಅದನ್ನು ಬಿಟ್ಟ. ಆಮೇಲೆ ಗೋದಾಮು, ಅಲ್ಲೂ ಜಗಳ. ಅಷ್ಟು ಹೊತ್ತಿಗೆ ಅವನಂಥವರೇ ಇಬ್ಬರು ಜೊತೆಗೆ ಸಿಕ್ಕಿದ್ದರು. ಮೂವರೂ ಕಟ್ಟಡದ ಮೆಟ್ಟಿಲ ಮೇಲೆ ಕೂತು ಸ್ಪೀಕರ್ ಹಾಕುವುದು, ದಾರಿ ಬಿಡದೆ ಕಾಲು ಚಾಚುವುದು, ಲಿಫ್ಟಿನ ಗುಂಡಿಗಳಿಗೆ ಸಿಗರೇಟಿನಿಂದ ಸುಡುವುದು, ಅಂಚೆ ಡಬ್ಬಿಗಳನ್ನು ಒದೆಯುವುದು. ಅವನು ಕೆಳಗಿನಿಂದ "ಅಕ್ಕಾ, ಬೀಗದ ಕೈ ಎಸಿ!" ಎಂದು ಕೂಗಿದರೆ ಐದೂ ಮಹಡಿಯ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ಹಾಗೆ ಕೂಗಿ ಕೂಗಿ, ಅದೇ ಅವಳ ಹೆಸರೆಂದು ಕಟ್ಟಡದವರೆಲ್ಲ ತಿಳಿದುಕೊಂಡು, ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯತೊಡಗಿದರು.

ಕೆಳಮನೆಯ ದರ್ಜಿ ಹೆಂಗಸೂ ಹಾಗೇ ಕರೆಯುತ್ತಿದ್ದಳು. ಅರವತ್ತು ದಾಟಿದವಳು, ಒಂಟಿ. ಮುಂದಿನ ಕೋಣೆಯೇ ಅಂಗಡಿ. ಬಿಸಿಲಿದ್ದ ದಿನ ಹೊರಗಿನ ಕಬ್ಬಿಣದ ಮೆಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ಪ್ಯಾಂಟಿನ ಅಂಚು ಮಡಚಿ ಕೈಹೊಲಿಗೆ ಹಾಕುತ್ತಿದ್ದಳು. ಹತ್ತು ವರ್ಷದ ಹಿಂದೆ ಅಕ್ಕ ಈ ಕಟ್ಟಡಕ್ಕೆ ಬಂದಾಗ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ತೋರಿಸಿಕೊಟ್ಟವಳು ಇವಳು. ಅಕ್ಕನ ಮಗಳ ಶಾಲೆಯ ಲಂಗವನ್ನು ವರ್ಷ ವರ್ಷವೂ ಬಿಚ್ಚಿ ಉದ್ದ ಮಾಡಿಕೊಟ್ಟವಳೂ ಇವಳೇ.

ಒಂದು ದಿನ ಅವಳು ಮೂರು ಮಹಡಿ ಹತ್ತಿ ಬಂದು, ಕುರ್ಚಿಯಲ್ಲಿ ಕೂತು ಉಸಿರು ತಿರುಗಿಸಿಕೊಂಡು ಹೇಳಿದಳು: "ಅಕ್ಕ, ನಿನ್ನ ತಮ್ಮನಿಗೆ ಒಂದು ಮಾತು ಹೇಳು. ನನ್ನ ಗಿರಾಕಿಗಳು ಒಳಗೆ ಬರೋಕೆ ಹೆದರ್ತಾರೆ. ನಿನ್ನೆ ಒಬ್ಬಳು ಬಸುರಿ ಹೆಂಗಸು ಬಂದಿದ್ಳು. ಅವಳಿಗೆ ದಾರೀನೇ ಬಿಡ್ಲಿಲ್ಲ. ನಾನು ಮನೆ ಬಾಡಿಗೆ ಕಚೇರಿಗೆ ಬರೆಯೋದಿಲ್ಲ. ಬರೆದ್ರೆ ನಿಮ್ಮ ಮನೆಗೇ ತೊಂದರೆ."

ಅಂದು ಊಟಕ್ಕೆ ಕೂತಾಗ ಅಕ್ಕ ಮಾತು ತೆಗೆದಳು.

"ಮುದುಕಿಗೆ ಮಾಡೋಕೆ ಕೆಲಸ ಇಲ್ಲ" ಎಂದ ಮರಿ, ಬ್ರೆಡ್ಡನ್ನು ಬೇಳೆಯಲ್ಲಿ ಅದ್ದುತ್ತ.

"ಕೆಲಸ ಇರೋದು ಅವಳಿಗೊಬ್ಬಳಿಗೇ" ಎಂದಳು ಅತ್ತೆ. "ನಿನಗೆ ಹಲ್ಲಾಡಿಸೋದು ಬಿಟ್ರೆ ಬೇರೆ ಏನಿದೆಯಪ್ಪಾ?"

"ಅತ್ತೆ, ಅವನು ಊಟ ಮಾಡ್ಲಿ ಬಿಡಿ."

"ಮಾಡ್ಲಿ ತಾಯಿ. ಮೂರು ಹೊತ್ತೂ ಮಾಡ್ಲಿ. ನಾನೇನು ತಟ್ಟೆ ಕಿತ್ಕೊಂಡ್ನಾ?"

ಅತ್ತೆ ಎದ್ದು ಹೋದ ಮೇಲೆ ಮರಿ ತಲೆ ತಗ್ಗಿಸಿಕೊಂಡೇ ಹೇಳಿದ: "ಇಲ್ಲಿ ನಾನು ಯಾರು ಅಕ್ಕ? ಊರಲ್ಲಿ ನಾನು ಹೋಗ್ತಿದ್ರೆ ನಾಲ್ಕು ಜನ ಪಕ್ಕಕ್ಕೆ ಸರೀತಿದ್ರು. ಇಲ್ಲಿ ಬೀದಿ ನಾಯೀನೂ ತಿರುಗಿ ನೋಡಲ್ಲ. ನೀನು ಫೋನಲ್ಲಿ ಹೇಳ್ತಿದ್ದೆ, ಇಲ್ಲಿ ಹಂಗಿದೆ, ಹಿಂಗಿದೆ, ಸ್ವರ್ಗ ಅಂತ. ಎಲ್ಲಿದೆ ತೋರ್ಸು."

ನಿಜವೇ. ಊರಿಗೆ ಫೋನು ಮಾಡುವಾಗಲೆಲ್ಲ ಅವಳು ಹೇಳುತ್ತಿದ್ದುದು ಬರೀ ಸಿಹಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ನಿಂತು, ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ಬಾಯಿಗೆ ಹಾಸಿಗೆ ಬಟ್ಟೆ ಒಡ್ಡುವ ಕೆಲಸವನ್ನು "ಆಸ್ಪತ್ರೇಲಿ ಕೆಲಸ" ಎಂದಷ್ಟೇ ಹೇಳಿದ್ದಳು. ತಾಯಿ ಅದನ್ನು ಬೀದಿಗೆಲ್ಲ ನರ್ಸು ಎಂದು ಸಾರಿಬಂದಿದ್ದಳು. ಮಗಳು ತಿದ್ದಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ. ಗಂಡ ರಾತ್ರಿಪಾಳಿ ಮುಗಿಸಿ ಮಲಗಿದ್ದ. ಅಕ್ಕ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದಳು. ಹದಿಮೂರು ವರ್ಷದ ಮಗಳು ಪುಟ್ಟಿ ಮೇಜಿನ ಮೇಲೆ ನಕಾಶೆಗೆ ಬಣ್ಣ ತುಂಬುತ್ತಿದ್ದಳು. ಮರಿ ಬೆಳಿಗ್ಗೆಯಿಂದಲೇ ಬಾಲ್ಕನಿಯಲ್ಲಿ ಬಾಟಲಿ ಹಿಡಿದು ಕೂತಿದ್ದ. ಕೆಳಗೆ ದರ್ಜಿ ಹೆಂಗಸು ಯಾರೊಡನೆಯೋ ಮಾತಾಡುತ್ತ ಅಂಚೆ ಡಬ್ಬಿ ಮುರಿದದ್ದನ್ನು ಬೆರಳಿನಿಂದ ತೋರಿಸುತ್ತಿದ್ದಳು. "ಮತ್ತೆ ಶುರು ಮಾಡಿದ್ಲು" ಎಂದು ಮರಿ ಅಂದದ್ದು ಅಕ್ಕನಿಗೆ ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಅವನ ಕೈ ಕಂಬಿಯಾಚೆಯಿಂದ ಒಳಗೆ ಬರುತ್ತಿತ್ತು. ಕೈಯಲ್ಲಿ ಬಾಟಲಿ ಇರಲಿಲ್ಲ.

ಕೆಳಗೆ ಗಾಜು ಒಡೆದ ಸದ್ದು. ಆಮೇಲೆ ಒಂದು ಕೂಗು.

ಬಾಟಲಿ ಅವಳ ಮೇಲೆ ಬಿದ್ದಿರಲಿಲ್ಲ. ಕಬ್ಬಿಣದ ಮೆಟ್ಟಿಲ ಅಂಚಿಗೆ ಬಡಿದು, ಒಂದು ಚೂರು ಹಾರಿ, ಹೊಲಿಯುವ ಬಲಗೈಯ ಅಂಗೈಯನ್ನು ಬೆರಳ ಬುಡದ ತನಕ ಸೀಳಿತ್ತು.

"ಹೆದರಿಸೋಕೆ ಹಾಕ್ದೆ ಅಕ್ಕ. ಪಕ್ಕಕ್ಕೆ ಹಾಕ್ದೆ" ಎಂದ ಮರಿ. ಅವನ ಮುಖ ಬಿಳುಚಿಕೊಂಡಿತ್ತು. ಬಣ್ಣದ ಪೆನ್ಸಿಲ್ ಹಿಡಿದ ಪುಟ್ಟಿ ತಾಯಿಯನ್ನೂ ಮಾವನನ್ನೂ ಬದಲಿಸಿ ಬದಲಿಸಿ ನೋಡಿದಳು.

ಅಕ್ಕ ಕೆಳಗೆ ಓಡಿದಳು. ತನ್ನ ಸೆರಗಿನಿಂದಲೇ ಆ ಕೈಯನ್ನು ಬಿಗಿಯಾಗಿ ಸುತ್ತಿದಳು. ಆಂಬುಲೆನ್ಸ್ ಬರುವ ತನಕ ಹಿಡಿದುಕೊಂಡೇ ಇದ್ದಳು. ದರ್ಜಿ ಹೆಂಗಸು ನಡುಗುತ್ತ, "ನೀನಿದ್ದೀಯಲ್ಲ ಅಕ್ಕ, ನೀನಿದ್ದೀಯಲ್ಲ" ಎನ್ನುತ್ತಿದ್ದಳು.

ಪೊಲೀಸರು ಬಂದರು. ಯಾರೂ ಕಣ್ಣಾರೆ ಕಂಡಿಲ್ಲ ಎಂದು ಬರೆದುಕೊಂಡು ಹೋದರು. ಮಾರನೆಯ ದಿನ ಮನೆಗಳನ್ನು ನೋಡಿಕೊಳ್ಳುವ ಕಚೇರಿಯಿಂದ ಒಬ್ಬ ಹೆಂಗಸು ಬಂದಳು. ಒಂದರ ಮೇಲೊಂದಿದ್ದ ಬಾಲ್ಕನಿಗಳ ಸಾಲನ್ನು ಕೆಳಗಿನಿಂದ ಫೋಟೋ ತೆಗೆದು, ಮೇಲೆ ಬಂದು ಸೋಫಾದ ಅಂಚಿನಲ್ಲಿ ಕೂತಳು. ಮರಿ ಒಳಕೋಣೆಯಲ್ಲಿದ್ದ.

"ನಿನ್ನೆ ಆ ಹೊತ್ತಿಗೆ ಬಾಲ್ಕನಿಯಲ್ಲಿ ಯಾರಿದ್ದರು?"

"ಯಾರೂ ಇಲ್ಲ. ಎಲ್ಲರೂ ಊಟಕ್ಕೆ ಕೂತಿದ್ವಿ" ಎಂದಳು ಅಕ್ಕ. "ನಮ್ಮ ಮನೆಯಿಂದಲ್ಲ."

"ಹಾಗಾದ್ರೆ ಮೇಲಿಂದ ಇರಬಹುದಾ?"

ಅಕ್ಕ ಹೌದು ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ. ಕತ್ತೆತ್ತಿ ಒಮ್ಮೆ ಚಾವಣಿಯ ಕಡೆ ನೋಡಿದಳು, ಅಷ್ಟೇ. ಆ ಹೆಂಗಸೂ ನೋಡಿದಳು. ಬರೆದುಕೊಂಡಳು.

ಮೇಲ್ಮನೆಯಲ್ಲಿ ಇಬ್ಬರಿದ್ದರು. ಕಟ್ಟಡ ಕೆಲಸಕ್ಕೆ ಕಂಬಿ ಹಲಗೆಗಳ ಅಟ್ಟಣಿಗೆ ಕಟ್ಟುವವರು, ಇವರಂತೆಯೇ ಬೇರೆ ದೇಶದಿಂದ ಬಂದವರು. ಹಿರಿಯನ ತಲೆಯ ಮೇಲೆ ಯಾವಾಗಲೂ ಉಣ್ಣೆಯ ಟೋಪಿ, ಹಾಗಾಗಿ ಅವನು ಟೋಪಿಯವನು. ಇನ್ನೊಬ್ಬ ಕಿರಿಯ, ಸಿಡುಕ. ಮಾರಿ ಕಾಸು ಮಾಡಿಕೊಳ್ಳಲು ಅವರು ಖಾಲಿ ಬಾಟಲಿಗಳನ್ನು ಬಾಲ್ಕನಿಯಲ್ಲಿ ಕೂಡಿಡುತ್ತಿದ್ದರು. ಅಷ್ಟು ಸಾಕಾಯಿತು. ಜೊತೆಗೆ ಮನೆ ಅವರ ಹೆಸರಿನಲ್ಲೂ ಇರಲಿಲ್ಲ, ಯಾರದೋ ಮನೆಯಲ್ಲಿ ಒಳಬಾಡಿಗೆ. ಎರಡು ವಾರದೊಳಗೆ ಖಾಲಿ ಮಾಡಬೇಕೆಂದು ಆದೇಶವಾಯಿತು.

ಅವರು ಹೊರಟ ದಿನ ಲಿಫ್ಟು ಕೆಟ್ಟಿತ್ತು. ಹಾಸಿಗೆಯನ್ನು ಮೆಟ್ಟಿಲ ತಿರುವಿನಲ್ಲಿ ಬಗ್ಗಿಸಿ ಇಳಿಸುತ್ತಿದ್ದಾಗ ಅಕ್ಕ ಕೆಲಸದಿಂದ ಬರುತ್ತಿದ್ದಳು. ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು. ಟೋಪಿಯವನು ತಲೆ ಬಾಗಿಸಿದ. ಕಿರಿಯ ಅವಳ ಮುಖವನ್ನೇ ನೋಡಿಕೊಂಡು ಇಳಿದ.

ಕೈ ಸೀಳಿದ ಮಾರನೆಯ ದಿನದಿಂದಲೇ ಅವಳು ಕೆಳಮನೆಗೆ ದಿನವೂ ಹೋಗತೊಡಗಿದ್ದಳು. ರಕ್ತವಾದ ಬಟ್ಟೆಗಳನ್ನು ತಾನೇ ತಂದು ತಣ್ಣೀರಿನಲ್ಲಿ ನೆನೆಸಿ ಕಲೆ ತೆಗೆದಳು. ಬಿಸಿನೀರು ತಾಗಿದರೆ ರಕ್ತ ಬಟ್ಟೆಗೇ ಅಂಟಿಬಿಡುತ್ತದೆ, ಆಸ್ಪತ್ರೆಯಲ್ಲಿ ಕಲಿತದ್ದು. ತರಕಾರಿ ಹೆಚ್ಚಿಟ್ಟಳು, ಡಬ್ಬಿಗಳ ಮುಚ್ಚಳ ಸಡಿಲ ಮಾಡಿಟ್ಟಳು, ಅಂಗಿಯ ಗುಂಡಿ ಹಾಕಿಕೊಟ್ಟಳು. ಸಂಜೆ ತಲೆ ಬಾಚಿ ಜಡೆ ಹೆಣೆದಳು. ವೈದ್ಯರು ಎರಡು ಬೆರಳು ಇನ್ನು ಪೂರ್ತಿ ಮಡಚುವುದಿಲ್ಲ ಎಂದಿದ್ದರು. ಹೊಲಿಯಲು ಬಂದ ಬಟ್ಟೆಗಳನ್ನು ಗಿರಾಕಿಗಳು ಒಂದೊಂದಾಗಿ ವಾಪಸು ಒಯ್ಯುತ್ತಿದ್ದರು.

"ಹೊಟ್ಟೇಲಿ ಹುಟ್ಟಿದವರೂ ಇಷ್ಟು ಮಾಡಲ್ಲ ಅಕ್ಕ" ಎನ್ನುತ್ತಿದ್ದಳು ದರ್ಜಿ ಹೆಂಗಸು.

ಆ ಮಾತು ಕೇಳಿದ ದಿನ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. ಹಾಗೆಂದು ಹೋಗದೆ ಇದ್ದರೂ ಸೇರುತ್ತಿರಲಿಲ್ಲ.

ಮನೆಯಲ್ಲಿ ಮರಿ ಎರಡು ವಾರ ಮೆತ್ತಗಿದ್ದ. ಪಾತ್ರೆಯನ್ನೂ ತೊಳೆದ. ಮೇಲ್ಮನೆ ಖಾಲಿಯಾದದ್ದೇ ತಡ, ಅವನ ದನಿ ಮೊದಲಿನಂತಾಯಿತು. ಮತ್ತೆ ಮೆಟ್ಟಿಲು, ಮತ್ತೆ ಸ್ಪೀಕರ್. ಒಂದು ರಾತ್ರಿ ಊಟದ ನಡುವೆ ನಗುತ್ತ ಹೇಳಿದ: "ಆ ಟೋಪಿ ಹೋದ್ಮೇಲೆ ಮೇಲಿಂದ ಧಡಧಡ ಸದ್ದಿಲ್ಲ. ಒಳ್ಳೇದೇ ಆಯ್ತು."

ಪುಟ್ಟಿ ಚಮಚ ಕೆಳಗಿಟ್ಟಳು. "ನನಗೆ ಸಾಕು."

"ತಿಂದದ್ದೇನೇ ನೀನು? ಕೂತ್ಕೋ" ಎಂದಳು ಅಕ್ಕ.

"ಅಮ್ಮ, ನಾನು ತರಗತೀಲಿ ಗೆಳತಿ ರಬ್ಬರ್ ತಗೊಂಡು ಇಲ್ಲ ಅಂದಿದ್ದಕ್ಕೆ ನೀನು ಏನು ಮಾಡಿದ್ದೆ ನೆನಪಿದ್ಯಾ? ಅವಳ ಮನೆ ತನಕ ಕೈ ಹಿಡಿದು ಎಳ್ಕೊಂಡು ಹೋಗಿದ್ದೆ. ಮಾವನ ಕೈ ಹಿಡಿಯೋಕೆ ನಿನಗೆ ಆಗಲ್ವಾ?"

"ಏಯ್, ದೊಡ್ಡವರ ಮಾತಿಗೆ ಬಾಯಿ ಹಾಕಬೇಡ" ಎಂದ ಮರಿ.

"ದೊಡ್ಡವರು ಯಾರಿದ್ದಾರೆ ಇಲ್ಲಿ?" ಎಂದಳು ಪುಟ್ಟಿ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. "ಆಗಿದ್ದು ಆಯ್ತು" ಎಂದ. "ಈಗ ಬಾಯಿ ಬಿಟ್ರೆ ಮನೆ ಹೋಗುತ್ತೆ. ಈ ಬಾಡಿಗೆಗೆ ಇನ್ನೊಂದು ಸಿಗಲ್ಲ. ಎಲ್ಲರೂ ತೆಪ್ಪಗಿರಿ."

ಅತ್ತೆ ಸೊಸೆಯ ತಟ್ಟೆಗೆ ಅನ್ನ ಬಡಿಸುತ್ತ ಮೆಲ್ಲಗೆ ಹೇಳಿದಳು: "ನಾನು ಬಾಯಿ ಮುಚ್ಕೊಂಡಿದ್ದೀನಿ ಕಣೇ, ಕಣ್ಣು ಮುಚ್ಕೊಂಡಿಲ್ಲ. ನೀನು ದಿನಾ ಅವಳ ತಲೆ ಬಾಚೋದು ನೋಡ್ತಿದ್ದೀನಿ. ಎಷ್ಟು ಬಾಚಿದ್ರೂ ಈ ಸಿಕ್ಕು ಬಿಡಲ್ಲ."

ಮಾರನೆಯ ಸಂಜೆ ಅಕ್ಕ ಕೆಳಗಿಳಿದಾಗ ದರ್ಜಿ ಹೆಂಗಸು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಕೂತಿದ್ದಳು. ಯಂತ್ರವನ್ನು ಕೊಳ್ಳಲು ಯಾರೋ ನಾಳೆ ನೋಡಿಹೋಗಲು ಬರುತ್ತಾರಂತೆ. ಅಕ್ಕ ಅವಳ ಬೆನ್ನ ಹಿಂದೆ ನಿಂತು ಕೂದಲು ಬಿಡಿಸಿ ಬಾಚತೊಡಗಿದಳು. ಅರ್ಧ ಜಡೆ ಹೆಣೆದಿದ್ದಳು. ಮುಖ ಕಾಣದೆ ಇದ್ದುದರಿಂದಲೋ ಏನೋ, ಮಾತು ತಾನಾಗಿ ಹೊರಬಿತ್ತು.

"ಬಾಟಲಿ ಹಾಕಿದ್ದು ನನ್ನ ತಮ್ಮ."

ಆ ತಲೆ ಅಲುಗಲಿಲ್ಲ.

"ನಾನು ನೋಡಿದೆ. ನೋಡಿಯೂ ನಮ್ಮ ಮನೆಯಿಂದಲ್ಲ ಅಂದೆ."

ದರ್ಜಿ ಹೆಂಗಸು, "ಬಾಚಣಿಗೆ ಕೆಳಗಿಡು" ಎಂದಳು. ಇಟ್ಟಳು. "ಈ ಕಡೆ ಬಾ. ನನ್ನ ಮುಂದೆ ನಿಲ್ಲು."

ಅಕ್ಕ ಮುಂದೆ ಬಂದು ನಿಂತಳು.

"ಕೈ ಹೋಯ್ತು. ಅದು ಬೇರೆ ಮಾತು. ಆ ಕಚೇರಿಯವಳು ದೂರಿನ ಕಾಗದ ತಂದಾಗ ನಾನು ಅವಳನ್ನ ಕೇಳಿದೆ, ಖಂಡಿತವಾಗಿ ಮೇಲಿನ ಮನೆಯವರೇನಾ ಅಂತ. ಮೂರನೇ ಮಹಡಿಯವರು ಅಲ್ಲ ಅಂದಿದ್ದಾರೆ ಅಂದ್ಳು. ಅಕ್ಕ ಅಲ್ಲ ಅಂದ್ಮೇಲೆ ಅಲ್ಲ ಅಂತ ನಾನು ಸಹಿ ಹಾಕ್ದೆ. ಎಡಗೈಲಿ. ಕಷ್ಟಪಟ್ಟು." ಅವಳ ದನಿ ಏರಲಿಲ್ಲ. "ನೀನು ಸುಳ್ಳು ಹೇಳಿದ್ದಲ್ದೆ ನನ್ನ ಕೈಲೂ ಹೇಳಿಸ್ದೆ. ಆಮೇಲೆ ದಿನಾ ಬಂದು ನನ್ನ ತಲೆ ಸವರ್ದೆ."

"ತಪ್ಪಾಯ್ತು..."

"ಹೋಗು."

"ಜಡೆ..."

"ಹಾಗೇ ಇರಲಿ. ಹೋಗು."

ಅಕ್ಕ ಬಾಗಿಲು ದಾಟುವಾಗ ತಿರುಗಿ ನೋಡಿದಳು. ಅರ್ಧ ಹೆಣೆದ ಜಡೆಯನ್ನು ಎಡಗೈಯಿಂದ ಬಿಚ್ಚಲು ಅವಳು ಒದ್ದಾಡುತ್ತಿದ್ದಳು.

ಮನೆಗೆ ಬಂದವಳೇ ಎಲ್ಲರ ಎದುರಿಗೆ ಹೇಳಿದಳು. "ಅವಳಿಗೆ ಹೇಳಿಬಿಟ್ಟೆ. ನಾಳೆ ಕಚೇರಿಗೂ ಹೋಗ್ತೀನಿ. ಮರಿ, ನೀನೂ ನನ್ನ ಜೊತೆ ಬಾ."

"ನನ್ನನ್ನ ಹಿಡಿದು ಕೊಡ್ತೀಯಾ?" ಮರಿ ಎದ್ದು ನಿಂತ. "ನೀನು ಅಕ್ಕಾನಾ? ಚಿಕ್ಕೋನಿದ್ದಾಗ ಬಿಟ್ಟು ಓಡಿಬಂದೆ, ಈಗ ಕರೆಸ್ಕೊಂಡು ಹಿಡಿದು ಕೊಡ್ತಿದ್ದೀಯ!"

ಹತ್ತು ವರ್ಷ ಯಾವ ಮಾತಿಗೆ ಹೆದರಿ ಅವಳು ಬದುಕಿದ್ದಳೋ ಆ ಮಾತು ಬಂದೇಬಿಟ್ಟಿತು. ವಿಚಿತ್ರವೆಂದರೆ, ಬಂದ ಮೇಲೆ ಅದಕ್ಕೆ ಅಂಥ ಬಲವಿರಲಿಲ್ಲ.

"ಬಿಟ್ಟು ಬಂದದ್ದು ನಿಜ ಕಣೋ. ಅದಕ್ಕೆ ನನಗೆ ಬೈಯಿ, ಹೊಡಿ. ಆ ಮುದುಕಿ ನಿನ್ನ ಯಾವಾಗ ಬಿಟ್ಟು ಬಂದಿದ್ಳು?"

ಮರಿ ಬಾಗಿಲು ಬಡಿದು ಹೊರಗೆ ಹೋದ. ಗಂಡ ಮೊದಲ ಬಾರಿಗೆ ದನಿ ಎತ್ತಿದ. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಈ ಮನೇಲಿ ನಾನೇನು ಬಾಡಿಗೆಗಿದ್ದೀನಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ!"

"ಅದಕ್ಕೇ ಕೇಳ್ಲಿಲ್ಲ ರೀ."

ಮರುದಿನ ಕೆಲಸ ಮುಗಿಸಿ ಅವಳು ನೇರ ಕಚೇರಿಗೆ ಹೋದಳು. ಸೋಫಾದ ಅಂಚಿನಲ್ಲಿ ಕೂತಿದ್ದ ಅದೇ ಹೆಂಗಸು ಈಗ ಮೇಜಿನ ಆಚೆ ಇದ್ದಳು. ಎಲ್ಲವನ್ನೂ ಕೇಳಿ, ಪೆನ್ನಿನ ತುದಿ ಕಚ್ಚಿ, "ಅಂದು ನೀವು ಮೇಲೆ ನೋಡಿದಿರಿ" ಎಂದಳು. "ನಾನು ಬಾಯಿ ಬಿಟ್ಟು ಏನೂ ಹೇಳ್ಲಿಲ್ಲ" ಎನ್ನಬಹುದಿತ್ತು. ಅಕ್ಕ "ಹೌದು, ನೋಡಿದೆ" ಎಂದಳು.

ಮನೆಗೆ ಬಂದರೆ ಮರಿಯ ಚೀಲವಿಲ್ಲ, ಅವನ ಬೂಟುಗಳಿಲ್ಲ. ಗಂಡ ಬಾಲ್ಕನಿಯಲ್ಲಿ ಕೂತಿದ್ದ. "ವಿಮಾನ ಹತ್ತಿಸಿ ಬಂದೆ" ಎಂದ, ಅವಳತ್ತ ನೋಡದೆ. "ಅವನು ಬರೋಕೆ ಮುಂಚೇನೇ ಅನುಮಾನಪಟ್ಟೋನು ನಾನು. ಆದ್ರೆ ನಿನ್ನ ತಮ್ಮ ಇಲ್ಲಿ ಜೈಲಿಗೆ ಹೋದ್ರೆ, ನಾಳೆ ರಾತ್ರಿ ಎದ್ದು ಕೂತು ಅಳೋಳು ನೀನು. ನನಗೆ ಅದನ್ನ ನೋಡೋದು ಇಷ್ಟ ಇರ್ಲಿಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಿರಾಳ. ಮರುಕ್ಷಣ ಆ ನಿರಾಳಕ್ಕೇ ನಾಚಿಕೆ. ಅತ್ತೆ ಬಂದು ಕಾಫಿಯ ಲೋಟ ಕೈಗಿಟ್ಟು, "ಕುಡಿ. ಇಬ್ಬರದ್ದೂ ತಪ್ಪು, ಇಬ್ಬರದ್ದೂ ಸರಿ. ನನಗೆ ಮಾತ್ರ ಪಾತ್ರೆ ತೊಳೆಯೋ ಆಳು ಹೋದ" ಎಂದಳು.

ಕಚೇರಿಯವರು ಮನೆ ಕಿತ್ತುಕೊಳ್ಳಲಿಲ್ಲ. ಇನ್ನೊಂದು ದೂರು ಬಂದರೆ ಮನೆ ಹೋಗುತ್ತದೆ ಎಂದು ಎಚ್ಚರಿಕೆ ಕೊಟ್ಟರು. ಪೊಲೀಸರ ಕಡತದಲ್ಲಿ ಮರಿಯ ಹೆಸರು ಬಿತ್ತು, ಅವನಿಗೆ ಈ ದೇಶದ ಬಾಗಿಲು ಮುಚ್ಚಿತು. ಮೇಲ್ಮನೆಗೆ ಆಗಲೇ ಬೇರೆಯವರು ಬಂದಿದ್ದರು. ಕಟ್ಟಡದ ಜನ ಅವಳನ್ನು ಅಕ್ಕ ಎಂದು ಕರೆಯುವುದನ್ನು ಬಿಟ್ಟರು. ಲಿಫ್ಟಿನಲ್ಲಿ ಅವಳಿದ್ದರೆ ಮುಂದಿನ ಸಲಕ್ಕೆ ಕಾಯುತ್ತಿದ್ದರು. ಪುಟ್ಟಿ ಮಾತ್ರ ತಾಯಿಯ ಪಕ್ಕ ಕೂತು ಮತ್ತೆ ಹೊಟ್ಟೆತುಂಬ ತಿನ್ನತೊಡಗಿದಳು.

ವಾರಗಳು ಕಳೆದವು. ಒಂದು ಬೆಳಿಗ್ಗೆ ಅಕ್ಕ ಅಂಗಡಿಯ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದಾಗ ಒಳಗಿನಿಂದ ದನಿ ಬಂತು.

"ನಿಲ್ಲು. ಆ ಇಬ್ಬರು ಈಗ ಹಳೇ ಹಿಟ್ಟಿನ ಗಿರಣಿ ಪಕ್ಕ ಕೆಲಸ ಮಾಡ್ತಿದ್ದಾರಂತೆ. ನಾನು ಸಹಿ ವಾಪಸು ತಗೊಂಡೆ. ಆದ್ರೆ ಅವರ ಎದುರು ನಿಲ್ಲೋಕೆ ನನಗೆ ಮುಖ ಇಲ್ಲ. ನೀನು ಹೋಗು. ನನ್ನದನ್ನೂ ಸೇರಿಸಿ ಹೇಳು."

ಬಾಗಿಲ ಸಂದಿಯಲ್ಲಿ ಯಂತ್ರ ಕಾಣಿಸಿತು. ಮಾರಿರಲಿಲ್ಲ. ಯಾರೋ ಹುಡುಗಿ ಅದರ ಮುಂದೆ ಕೂತಿದ್ದಳು. ದರ್ಜಿ ಹೆಂಗಸು ಪಕ್ಕದಲ್ಲಿ ನಿಂತು, "ಓರೆಯಾಯ್ತು, ಬಿಚ್ಚು, ಮತ್ತೆ ಹಾಕು" ಎಂದು ಗದರಿಸುತ್ತಿದ್ದಳು.

ಗಿರಣಿಯ ಪಕ್ಕದ ಕಟ್ಟಡಕ್ಕೆ ಅಟ್ಟಣಿಗೆ ಅರ್ಧ ಏರಿತ್ತು. ಕಿರಿಯ ಅವಳನ್ನು ಮೇಲಿನಿಂದಲೇ ಗುರುತಿಸಿದ. ಬೇಕೆಂದೇ ನಿಧಾನವಾಗಿ ಇಳಿದು ಬಂದು, ಕೈಗವಸು ತೆಗೆಯದೆ ನಿಂತ. ಅವಳು ಹೇಳಬೇಕಾದ್ದನ್ನು ಹೇಳಿದಳು. ಅವಳಿಗಿದ್ದ ಅಷ್ಟಿಷ್ಟು ಭಾಷೆ ಅಂದು ಇನ್ನಷ್ಟು ತೊದಲಿತು.

"ಗೊತ್ತು" ಎಂದ ಅವನು. "ನಿಮ್ಮ ತಮ್ಮ ಎಸೆದದ್ದನ್ನು ನಾವಿಬ್ಬರೂ ನೋಡಿದ್ವಿ. ನಮ್ಮ ಕಣ್ಣ ಕೆಳಗೇ ಅಲ್ವಾ?"

ಅಕ್ಕ ಅಲ್ಲಿದ್ದ ಮರದ ಹಲಗೆಗಳ ರಾಶಿಯ ಮೇಲೆ ಕೂತಳು.

"ಮತ್ತೆ... ಯಾಕೆ ಹೇಳ್ಲಿಲ್ಲ?"

"ನಾನಾಗಿದ್ರೆ ಹೇಳ್ತಿದ್ದೆ. ಅವನು ಬಿಡ್ಲಿಲ್ಲ. ಆ ಮನೇಲಿ ಮುದುಕಿ ಇದ್ದಾಳೆ, ಶಾಲೆಗೆ ಹೋಗೋ ಹುಡುಗಿ ಇದ್ದಾಳೆ, ಅವರನ್ನ ಬೀದಿಗೆ ಹಾಕಿಬಿಡ್ತಾರೆ ಅಂದ. ನಾವು ಇಬ್ಬರೇ ಗಂಡಸರು, ಚೀಲ ಎತ್ಕೊಂಡು ಎಲ್ಲಾದ್ರೂ ಹೋಗಬಹುದು ಅಂದ. ಮೆಟ್ಟಿಲು ಇಳಿಯೋವಾಗ್ಲೂ ಅದೇ ಜಗಳ ನಮಗೆ. ನಿಮ್ಮ ಮುಖ ನೋಡಿದಾಗ ಹೇಳೇಬಿಡೋಣ ಅಂತಿದ್ದೆ."

"ಅವರೆಲ್ಲಿ? ಅವರ ಹತ್ರ ಒಂದು ಮಾತು..."

"ಊರಿಗೆ ಹೋದ. ಇಷ್ಟು ವರ್ಷ ಇದ್ದು ಕೊನೆಗೆ ಕಳ್ಳನ ಥರ ಹೊರಗೆ ಹಾಕಿಸ್ಕೊಂಡ್ವಿ, ಇನ್ನು ಈ ದೇಶದ ಅನ್ನ ನನಗೆ ಇಳಿಯಲ್ಲ ಅಂದ. ಫೋನು ನಂಬರೂ ಕೊಟ್ಟು ಹೋಗಿಲ್ಲ." ಅವನು ಕೈಗವಸು ಸರಿಮಾಡಿಕೊಂಡ. "ಇನ್ನೇನಾದ್ರೂ ಇದ್ಯಾ? ನನಗೆ ಮೇಲೆ ಕೆಲಸ ಇದೆ."

ಮನೆಗೆ ಬಂದು ಅವಳು ಊಟದ ಹೊತ್ತಿಗೆ ಅದನ್ನು ಎಲ್ಲರಿಗೂ ಹೇಳಿದಳು. ಗಂಡ ತುತ್ತು ಕೈಯಲ್ಲೇ ಹಿಡಿದು ಕೂತ. ಅತ್ತೆ ಬಡಿಸುವ ಸೌಟನ್ನು ಕೆಳಗಿಟ್ಟಳು. ಆಮೇಲೆ, "ನನ್ನ ಮುಖ ನೋಡಿ ಬಿಟ್ಟನಾ ಆ ಪುಣ್ಯಾತ್ಮ?" ಎಂದಳು. "ಒಂದು ದಿನ ಕರೆದು ಒಂದು ಲೋಟ ನೀರು ಕೊಡ್ಲಿಲ್ವಲ್ಲೇ ನಾವು."

ಅಷ್ಟರಲ್ಲಿ ಊರಿನಿಂದ ಫೋನು ಬಂತು. ತಾಯಿ. ದನಿಯಲ್ಲಿ ಬಹಳ ದಿನಗಳ ಮೇಲೆ ಗೆಲುವಿತ್ತು.

"ಮರಿ ಈಗ ಎಷ್ಟು ಚೆನ್ನಾಗಿದ್ದಾನೆ ಗೊತ್ತೇನೇ? ಹೋಗಿಬಂದ ಮೇಲೆ ಎಲ್ಲರೂ ಅವನಿಗೆ ಮರ್ಯಾದೆ ಕೊಡ್ತಾರೆ. ಮೋರಿಕಟ್ಟೆ ಮೇಲೆ ಕೂತು ಅಲ್ಲಿನ ಕಥೆ ಹೇಳಿದ್ರೆ ಜನ ಬಾಯಿ ಬಿಟ್ಕೊಂಡು ಕೇಳ್ತಾರೆ. ಅಕ್ಕ ಅಲ್ಲಿ ರಾಣಿ ಹಾಗಿದ್ದಾಳೆ ಅಂತಾನೆ. ಪಕ್ಕದ ಮನೆಯವರು ಅವರ ಹುಡುಗನ್ನೂ ಕಳಿಸಬೇಕು ಅಂತಿದ್ದಾರೆ. ನೀನು ಒಂದು ಮಾತು ಹೇಳಿದ್ರೆ..."

"ಅಮ್ಮ, ಮರಿ ಯಾಕೆ ವಾಪಸು ಬಂದ ಅಂತ ಹೇಳಿದ್ದಾನೆ?"

"ಹವಾ ಒಗ್ಗಲಿಲ್ಲ ಅಂದ."

ಅಕ್ಕ ಮೇಜಿನ ಸುತ್ತ ನೋಡಿದಳು. ಗಂಡ ತಲೆ ತಗ್ಗಿಸಿದ, ಆದರೆ ಬೇಡವೆಂದು ಕೈ ಆಡಿಸಲಿಲ್ಲ. ಅವಳು ಮೊದಲಿನಿಂದ ಹೇಳಿದಳು. ತಾನು ನರ್ಸ್ ಅಲ್ಲ, ಆಸ್ಪತ್ರೆಯ ಬಟ್ಟೆ ಒಗೆಯುವವಳು ಎಂಬಲ್ಲಿಂದ ಶುರುಮಾಡಿ, ಬಾಟಲಿ, ದರ್ಜಿ ಹೆಂಗಸಿನ ಕೈ, ತಾನು ಚಾವಣಿಯತ್ತ ನೋಡಿದ್ದು, ನೋಡಿಯೂ ಬಾಯಿ ಮುಚ್ಚಿಕೊಂಡು ಮನೆ ಬಿಟ್ಟುಹೋದವನು, ಎಲ್ಲವನ್ನೂ.

ಆ ಕಡೆ ಎಲ್ಲೋ ತಟ್ಟೆಯ ಸದ್ದು ಕೇಳಿಸಿತು. ಆಮೇಲೆ ತಾಯಿ ಪಿಸುಗುಟ್ಟಿದಳು: "ಮೆಲ್ಲಗೆ ಮಾತಾಡೇ. ಅವನು ಇಲ್ಲೇ ಪಕ್ಕದಲ್ಲಿ ಊಟಕ್ಕೆ ಕೂತಿದ್ದಾನೆ. ಕೇಳಿಸಿದ್ರೆ ಬೇಜಾರು ಮಾಡ್ಕೊಂಡು ಎದ್ದುಬಿಡ್ತಾನೆ."

ಅಕ್ಕ ಕಣ್ಣು ಒರೆಸಿಕೊಂಡಳು.

"ಫೋನು ಅವನ ಕೈಗೆ ಕೊಡಮ್ಮ" ಎಂದಳು.